ಮುನಿಗಂಗಪ್ಪನವರ ಹದಿನಾರನೇ ಸ್ಕ್ರೂ

ಮೂವತ್ತೆರಡು ವರ್ಷ ಮುನಿಗಂಗಪ್ಪನವರು ಒಂದು ಕಿಟಕಿಯ ಹಿಂದೆ ಕೂತಿದ್ದರು. ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಟೂಲ್ ಸ್ಟೋರ್ಸಿನ ಕಿಟಕಿ ಅದು. ಕೆಲಸಗಾರ ಬಂದು ತನ್ನ ನಂಬರಿರುವ ಹಿತ್ತಾಳೆ ಬಿಲ್ಲೆ ಕೊಡಬೇಕು. ಇವರು ಗೋಡೆಯ ಮೊಳೆಯಿಂದ ಸ್ಪ್ಯಾನರನ್ನೋ ಡ್ರಿಲ್ಲನ್ನೋ ತೆಗೆದುಕೊಟ್ಟು, ಆ ಜಾಗದಲ್ಲಿ ಬಿಲ್ಲೆಯನ್ನು ನೇತುಹಾಕಬೇಕು. ಸಂಜೆ ಟೂಲು ಒಳಗೆ, ಬಿಲ್ಲೆ ಹೊರಗೆ. ಸ್ಟೋರ್ಸಿನವನು ಮಾತ್ರ ಯಾವ ಟೂಲನ್ನೂ ಬಳಸುವಂತಿಲ್ಲ ಎಂಬುದು ಅಲ್ಲಿನ ನಿಯಮ. ಹಾಗಾಗಿ ಲಕ್ಷಾಂತರ ಸಲ ಸ್ಕ್ರೂಡ್ರೈವರ್ ಕೊಟ್ಟು ತಗೊಂಡ ಈ ಮನುಷ್ಯ ತಮ್ಮ ಕೈಯಾರೆ ಒಂದು ಸ್ಕ್ರೂ ತಿರುಗಿಸಿದವರಲ್ಲ.

ನಿವೃತ್ತಿಯ ದಿನ ಗೆಳೆಯರು ಸೇರಿ ಅವರಿಗೂ ಒಂದು ಹಿತ್ತಾಳೆ ಬಿಲ್ಲೆ ಮಾಡಿಸಿ ಕೊಟ್ಟರು. ಅದರ ಮೇಲೆ ನಂಬರಿರಲಿಲ್ಲ. "ನೀವು ಯಾವತ್ತೂ ಏನೂ ಇಸ್ಕೊಂಡೇ ಇಲ್ವಲ್ಲ ಗಂಗಪ್ಪ, ಯಾವ ನಂಬರ್ ಹಾಕ್ಸೋದು?" ಎಂದು ನಕ್ಕರು. ಮುನಿಗಂಗಪ್ಪನವರಿಗೆ ನಗು ಬರಲಿಲ್ಲ. ಯಲಹಂಕ ಹಳೇ ಊರಿನ ತಮ್ಮ ಮನೆಯ ನಡುಮನೆಯಲ್ಲಿ ಅದನ್ನು ನೇತುಹಾಕಿದರು. ನೇತುಹಾಕಲು ಬೇಕಾದ ಮೊಳೆಯನ್ನೂ ಹೆಂಡತಿ ಯಶೋಧಾ ಅವರೇ ಒನಕೆಯ ತುದಿಯಿಂದ ಹೊಡೆದದ್ದು.

"ಊರಿಗೆಲ್ಲ ಸುತ್ತಿಗೆ ಹಂಚಿದೋರು, ಮನೇಲಿ ಒಂದು ಕ್ಯಾಲೆಂಡರ್ ಮೊಳೆ ಹೊಡೀಲಿಲ್ಲ" ಎಂಬುದು ಆಕೆಯ ಅಷ್ಟೋತ್ತರದ ಮೊದಲ ನಾಮ.

ಆಷಾಢದಲ್ಲಿ ಯಶೋಧಾ ಅವರ ಮಂಡಿಗೆ ಆಪರೇಷನ್ ಆಯಿತು. ಇನ್ನು ನೆಲದ ಮೇಲೆ ಕೂರುವಂತಿಲ್ಲ ಎಂದರು ಡಾಕ್ಟರು. ಸಮಸ್ಯೆ ಮಂಡಿಯದ್ದಲ್ಲ, ಈಳಿಗೆ ಮಣೆಯದ್ದು. ಮೂವತ್ತೈದು ವರ್ಷ ಆಕೆ ನೆಲದ ಮೇಲೆ ಕೂತು, ಮಣೆಯನ್ನು ಕಾಲಲ್ಲಿ ಒತ್ತಿಹಿಡಿದು, ಹುರುಳಿಕಾಯಿಯಿಂದ ಹಲಸಿನಕಾಯಿವರೆಗೆ ಎಲ್ಲವನ್ನೂ ಹೆಚ್ಚಿದ್ದರು, ಕಾಯಿ ತುರಿದಿದ್ದರು. ಚಾಕು ಅವರ ಕೈಗೆ ಹತ್ತುತ್ತಿರಲಿಲ್ಲ. ಈಳಿಗೆಯನ್ನು ಊಟದ ಮೇಜಿನ ಮೇಲಿಟ್ಟರೆ ಅದು ಕಾಯಿಯ ಸಮೇತ ಜಾರಿ ಬಿತ್ತು. ಎರಡು ದಿನ ಚಾಕುವಿನಲ್ಲಿ ಒದ್ದಾಡಿ, ಮೂರನೇ ದಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಹೆಸರಘಟ್ಟದ ಅಕ್ಕನ ಮನೆಗೆ ಹೊರಟುನಿಂತರು.

"ಒಂದು ತರಕಾರಿ ಹೆಚ್ಚೋಕಾಗ್ದಿರೋ ಅಡುಗೆಮನೇಲಿ ನನಗೇನ್ರೀ ಕೆಲ್ಸ? ದಸರಾಕ್ಕೆ ಬರ್ತೀನಿ. ಬಂದ್ಮೇಲೂ ಇಂಗೇ ಇದ್ರೆ, ಮೂಲೇಲಿ ಕೂತ್ಕೊಂಡು ನೀವ್ ಹಾಕಿದ್ದು ತಿಂತೀನಿ."

ಕೊನೆಯ ಮಾತು ಹೇಳುವಾಗ ಆಕೆಯ ದನಿ ಇಳಿಯಿತು. ಬೈದಿದ್ದರೆ ಮುನಿಗಂಗಪ್ಪನವರು ಅರಗಿಸಿಕೊಳ್ಳುತ್ತಿದ್ದರು, ಅದರ ಅಭ್ಯಾಸವಿತ್ತು. ದನಿ ಇಳಿದದ್ದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು. ಅಂದೇ ಶಪಥ ಮಾಡಿದರು: ಆಕೆ ಕುರ್ಚಿಯ ಮೇಲೆ ಕೂತೇ ಈಳಿಗೆ ಬಳಸುವಂಥ ಒಂದು ಮೇಜು. ಮೇಲೆ ಎರಡು ಪಟ್ಟಿ, ಅವುಗಳ ನಡುವೆ ಮಣೆ ಕಚ್ಚಿಕೊಂಡು ಕೂರಬೇಕು. ಮಾಡುವವರು ತಾವೇ.

ಮನೆಯ ಹಳೇ ಬಾಗಿಲಿನ ಹಲಸಿನ ಹಲಗೆ ಇತ್ತು. ಮರದ ಮಿಲ್ಲಿನಲ್ಲಿ ಅಳತೆಗೆ ಕೊಯ್ಸಿ ತಂದರು. ಒಂದು ಹಲಗೆ, ನಾಲ್ಕು ಕಾಲು, ಎಂಟು ಪಟ್ಟಿ. ಇನ್ನು ಜೋಡಿಸುವುದಷ್ಟೇ ಬಾಕಿ. ದಸರಾಕ್ಕೆ ಹನ್ನೆರಡು ದಿನವಿತ್ತು. ಮಹಾಪ್ರಮಾದ ನಡೆದದ್ದು ಇಲ್ಲಿ: ಅವರು ಇಬ್ಬರನ್ನು ಸಲಹೆ ಕೇಳಿದರು.

ಮೊದಲನೆಯವನು ಮುನಿಗಂಗಪ್ಪನವರ ಅಕ್ಕನ ಮಗ ಸಿದ್ದು. ವಿಮಾನ ನಿಲ್ದಾಣದ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆಮನೆ ಕಪಾಟು ಕೂರಿಸುವ ಕೆಲಸ. ಸೊಂಟದಲ್ಲಿ ಬ್ಯಾಟರಿ ಡ್ರಿಲ್ಲು ಸಿಗಿಸಿಕೊಂಡು ಪೊಲೀಸಿನವನ ಹಾಗೆ ಬಂದ.

"ಮಾವ, ಕಾರ್ಡ್‌ಲೆಸ್ಸೇ ಬೆಸ್ಟು. ವೈರ್ ಇಲ್ಲ, ಸದ್ದಿಲ್ಲ, ಗಲಾಟೆ ಇಲ್ಲ. ಬಟನ್ ಒತ್ತು, ಸ್ಕ್ರೂ ಒಳಗೆ. ಇಟ್ಕೊಳ್ಳಿ, ನನ್ ಹತ್ರ ಇನ್ನೊಂದಿದೆ."

ಮುನಿಗಂಗಪ್ಪನವರು ಬಟನ್ ಒತ್ತಿದರು. ಡ್ರಿಲ್ಲು ಒಂದು ಸುತ್ತು ತಿರುಗಿ, ಮಧ್ಯಾಹ್ನದ ಊಟವಾದ ಗುಮಾಸ್ತನಂತೆ ನಿದ್ದೆಹೋಯಿತು.

"ಚಾರ್ಜ್ ಇಲ್ಲ ಅನ್ಸತ್ತೆ" ಎಂದ ಸಿದ್ದು.

"ಚಾರ್ಜರ್ ಕೊಡು."

"ಅದು ಹುಣಸಮಾರನಹಳ್ಳಿ ಸೈಟಲ್ಲಿದೆ ಮಾವ."

ಎರಡನೆಯವರು ಆರ್.ಟಿ. ನಗರದಲ್ಲಿ ಸೋಫಾ ಮಾಡುವ ವಹಾಬ್. ಕಾರ್ಖಾನೆಯಲ್ಲಿ ಜೊತೆಗಿದ್ದು, ಬಿಟ್ಟು ಸ್ವಂತ ಅಂಗಡಿ ಹಾಕಿದ ಹಳೇ ಸ್ನೇಹಿತರು. ಬ್ಯಾಟರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾರನೇ ದಿನ ಗೂಡ್ಸ್ ಆಟೋದಲ್ಲಿ ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಹೇರಿಕೊಂಡು ಹೆಬ್ಬಾಳದ ಟ್ರಾಫಿಕ್ ದಾಟಿ ಬಂದೇಬಿಟ್ಟರು.

"ಅರೆ ಗಂಗಪ್ಪಣ್ಣ, ಬ್ಯಾಟರಿ ಅಂದ್ರೆ ಎರಡು ವರ್ಷದ ಮಾತು. ಆಮೇಲೆ ಸೆಲ್ಲು ಸತ್ತೋಗತ್ತೆ, ಟೂಲು ಅನಾಥ. ಗಾಳಿ ಸಾಯತ್ತಾ? ಒಂದು ಟ್ಯಾಂಕ್ ಇದ್ರೆ ಮೊಳೆ ಹೊಡೀಬೋದು, ಪೇಂಟ್ ಹೊಡೀಬೋದು, ಧೂಳ್ ಹೊಡೀಬೋದು. ಹಿಡಿಯೋಕೆ ಹಗುರ, ಯಾಕಂದ್ರೆ ಮೋಟ್ರು ನೆಲದ್ ಮೇಲಿದೆ, ಕೈಯಲ್ಲಿಲ್ಲ."

ಸ್ವಿಚ್ಚು ಹಾಕಿದರು. ಮನೆಯೊಳಗೆ ಲಾರಿ ನುಗ್ಗಿದಂತೆ ಸದ್ದಾಯಿತು. ಮಹಡಿಯ ಬಾಡಿಗೆ ಮನೆಯಿಂದ ಮಧುಶ್ರೀ ಎಂಬ ಹುಡುಗಿ ಇಳಿದು ಬಂದು, "ಅಂಕಲ್, ಪ್ಲೀಸ್, ಕಾಲ್‌ನಲ್ಲಿದೀನಿ" ಎಂದಳು. ಅವಳು ಕಾಲ್‌ನಲ್ಲಿದ್ದಳು, ಇವರ ಮೇಜಿಗೆ ಇನ್ನೂ ಕಾಲೇ ಇರಲಿಲ್ಲ. ವಹಾಬ್ ಪೈಪು ಸಿಗಿಸಿ, ಮೊಳೆ ಗನ್ನನ್ನು ಒಂದು ತುಂಡು ಹಲಗೆಗೆ ಒತ್ತಿದರು. ಟಪ್. ಮೊಳೆ ಒಳಗೆ ಹೋಯಿತು. ಹಲಗೆ ಎರಡಾಯಿತು.

"ಪ್ರೆಷರ್ ಜಾಸ್ತಿ" ಎಂದರು ವಹಾಬ್.

"ನಂದೂ" ಎಂದರು ಮುನಿಗಂಗಪ್ಪ.

ಇಲ್ಲಿಗೆ ಬೇರೆ ಯಾರಾದರೂ ಆಗಿದ್ದರೆ ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಮುಗಿಸುತ್ತಿದ್ದರು. ಆದರೆ ಸ್ಟೋರ್ಸಿನ ರಕ್ತ. ಒಂದು ಕೆಲಸಕ್ಕೆ ಒಂದು ಟೂಲು, ಒಂದು ಚೀಟಿಗೆ ಒಂದು ಸಾಲು; ಯಾವ ಟೂಲು ಎಂದು ಬರೆಯದೆ ಮೊಳೆಯಿಂದ ಏನನ್ನೂ ಇಳಿಸಿದವರಲ್ಲ. ಟೂಲಿನ ಬೇಡಿಕೆ ಬರೆಯುವ ಹಳೇ ಇಂಡೆಂಟ್ ಪುಸ್ತಕದ ಹಿಂಬದಿಯಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ "ಬ್ಯಾಟರಿ", ಬಲಕ್ಕೆ "ಗಾಳಿ" ಎಂದು ಬರೆದು ಕೂತರು.

ಐದನೇ ದಿನ ಗಾಳಿ ಗೆದ್ದಿತು. ಆರನೇ ದಿನ ಸಿದ್ದು ಚಾರ್ಜರ್ ತಂದು, "ಮಾವ, ದಿನಾ ಕಾಯಿ ತುರಿಯೋ ಮೇಜು ಇದು. ಬರೀ ಮೊಳೆ ಹೊಡೆದ್ರೆ ಯುಗಾದಿಗೆ ಸಡ್ಲ ಆಗತ್ತೆ. ಸ್ಕ್ರೂನೇ ಹಾಕ್ಬೇಕು" ಎಂದ. ಬ್ಯಾಟರಿ ಗೆದ್ದಿತು. ಎಂಟನೇ ದಿನ ಅದು ವಹಾಬರಿಗೆ ಗೊತ್ತಾಗಿ, "ಮೊಳೆ ಜೊತೆ ಫೆವಿಕಾಲ್ ಹಾಕಿದ್ರೆ ನಿಮ್ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ. ನನ್ ಸೋಫಾ ಮೇಲೆ ಯಾರ್ಯಾರ್ ಕೂತವ್ರೆ ಗೊತ್ತಾ? ಅವನ್ಯಾರು ನಿನ್ನೆಯ ಹುಡುಗ!" ಎಂದು ಫೋನಿನಲ್ಲೇ ಗುಡುಗಿದರು. ಸಿದ್ದು ಅದಕ್ಕೆ, "ಗಾಳಿ ಮಾತು ನಂಬ್ಬೇಡಿ" ಎಂದ. ಒಬ್ಬನ ಟೂಲಿಗೆ ವೈರಿಲ್ಲದಿದ್ದರೂ ಇಬ್ಬರ ನಡುವೆ ವೈರವಂತೂ ಬೆಳೆಯಿತು. ಈಳಿಗೆ ಮಣೆ ಮೂಲೆಯಲ್ಲಿ ಗೋಡೆಗೊರಗಿ ಎಲ್ಲವನ್ನೂ ನೋಡುತ್ತಿತ್ತು.

ಹತ್ತನೇ ದಿನ ಯಶೋಧಾ ಫೋನ್ ಮಾಡಿದರು. "ಎಲ್ಲೀವರ್ಗೆ ಬಂತು ನಿಮ್ ಮೇಜು?"

"ಹೆಚ್ಚೂಕಮ್ಮಿ ಆದಂಗೇ. ಯಾವ ಟೂಲು ಅಂತ ಒಂದು ತೀರ್ಮಾನ ಆಗ್ಬೇಕು."

"ನನ್ನ ನೋಡೋಕೆ ಬಂದಾಗ್ಲೂ ನಿಮ್ಮಪ್ಪ ಇಂಗೇ ಅಂದಿದ್ರು, ಹುಡುಗ ತೀರ್ಮಾನ ಮಾಡ್ತಾ ಅವ್ನೆ ಅಂತ. ನಾಲ್ಕು ತಿಂಗಳು ಮಾಡಿದ್ರಿ."

ಹನ್ನೆರಡನೇ ದಿನ ಬೆಳಿಗ್ಗೆ ತೀರ್ಮಾನವಾಯಿತು. ಬ್ಯಾಟರಿ ಡ್ರಿಲ್ಲಿನಲ್ಲಿ ಸ್ಕ್ರೂ. ಮುನಿಗಂಗಪ್ಪನವರು ಸ್ನಾನ ಮಾಡಿ, ಚೀಟಿಯಲ್ಲಿ ಒಂದೇ ಸಾಲು ಬರೆದು, ಕೆಳಗೆ ತಮ್ಮದೇ ಸಹಿ ಹಾಕಿ, ಡ್ರಿಲ್ಲಿಗೆ ಕೈ ಹಾಕಿದರು. ಹೊರಗೆ ಸಿದ್ದುವಿನ ಬೈಕು ನಿಂತಿತು.

"ಮಾವ, ಡ್ರಿಲ್ ಕೊಡಿ."

"ಯಾಕೋ?"

"ಯಾಕೋ ಅಂದ್ರೆ? ನಾಳೆ ಆಯುಧ ಪೂಜೆ ಅಲ್ವಾ! ಎಲ್ಲಾ ತೊಳೆದು, ಒರೆಸಿ ಇಡ್ಬೇಕು. ಟೂಲ್ ಬೇರೆಯವ್ರ ಮನೇಲಿದ್ರೆ ಪೂಜೆ ಯಾವ್ದಕ್ ಮಾಡ್ಲಿ, ನನ್ ತಲೆಗಾ? ನಾಡಿದ್ದು ತಂದ್ಕೊಡ್ತೀನಿ."

ಹೋಗಲಿ, ಗಾಳಿಯಾದರೂ ಇದೆಯಲ್ಲ ಎಂದು ಅವರು ಕಂಪ್ರೆಸರಿನ ಕಡೆ ತಿರುಗಿದರು. ಅರ್ಧ ಗಂಟೆಯಲ್ಲಿ ಬಾಗಿಲಿಗೆ ಗೂಡ್ಸ್ ಆಟೋ ಬಂತು. ಒಳಗಿನಿಂದ ಎರಡು ಬೂದುಗುಂಬಳಕಾಯಿ ತಬ್ಬಿಕೊಂಡು ವಹಾಬ್ ಇಳಿದರು.

"ಗಂಗಪ್ಪಣ್ಣ, ಮಾಫ್ ಮಾಡಿ. ಅಂಗಡೀಲಿ ಐದು ಜನ ಕೆಲ್ಸದವ್ರು, ಪೂಜೆ ಇಲ್ದೆ ಮಿಶಿನ್ ಮುಟ್ಟಲ್ಲ ಅಂತಾರೆ. ಇಪ್ಪತ್ತು ವರ್ಷದಿಂದ ನಾನೇ ಕುಂಬಳಕಾಯಿ ತಂದ್ಕೊಡೋದು. ಕಂಪ್ರೆಸರ್ ಎಲ್ಲಿ ಸೇಟ್ ಅಂತ ಬೆಳಿಗ್ಗೆಯಿಂದ ತಲೆ ತಿಂತಾವ್ರೆ."

ಮುನಿಗಂಗಪ್ಪನವರು ಅವರನ್ನು ನೋಡಿದರು, ಕುಂಬಳಕಾಯಿ ನೋಡಿದರು, ತಮ್ಮ ಹಣೆಬರಹ ನೋಡಿಕೊಂಡರು. ಬೇರೆ ಯಾರು ಮರೆತರೂ ಅವರು ಮರೆಯುವಂತಿರಲಿಲ್ಲ. ಆಯುಧ ಪೂಜೆಯ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಕಾರ್ಖಾನೆಯ ಟೂಲುಗಳನ್ನೆಲ್ಲ ವಾಪಸ್ ತರಿಸುತ್ತಿದ್ದವರೇ ಅವರು. ಒಂದು ವರ್ಷ ನಾಲ್ಕೂ ಐದಕ್ಕೆ ದೊಡ್ಡ ಸಾಹೇಬರು ಒಳಗಿರುವಾಗಲೇ ಕೋಣೆಯ ಬೀಗ ಸಿಕ್ಕಿಹಾಕಿಕೊಂಡಿತು. ಸ್ಕ್ರೂಡ್ರೈವರ್ ಕೇಳಿ ಕಳಿಸಿದರೆ, "ನಾಡಿದ್ದು ಬರಕ್ಕೇಳಿ" ಎಂದವರು ಇವರು. ಸಾಹೇಬರು ಅಂದು ಕಿಟಕಿ ಹಾರಿ ಮನೆಗೆ ಹೋದರು. ಈಗ ಅದೇ ನಿಯಮ ಯಲಹಂಕದವರೆಗೆ ವಿಳಾಸ ವಿಚಾರಿಸಿಕೊಂಡು ಬಂದಿತ್ತು.

ಆಟೋ ಹೋಯಿತು. ನಡುಮನೆಯಲ್ಲಿ ಉಳಿದದ್ದು ಹಲಗೆ, ಕಾಲು, ಪಟ್ಟಿ, ಹದಿನಾರು ಸ್ಕ್ರೂ ಮತ್ತು ಎರಡು ಕಾಲಮ್ಮಿನ ಒಂದು ಹಾಳೆ. ಗಂಟೆ ಹನ್ನೆರಡೂವರೆ. ನಾಳೆ ಬೆಳಿಗ್ಗೆ ಯಶೋಧಾ ಬರುತ್ತಾರೆ. ಬಂದು ಮೂಲೆಯಲ್ಲಿ ಕೂರುತ್ತಾರೆ.

ಮುನಿಗಂಗಪ್ಪನವರಿಗೆ ಎಷ್ಟು ರೇಗಿತೆಂದರೆ, ಹಾಳೆಯನ್ನು ಮುದ್ದೆ ಮಾಡಿ ಎಸೆದು, ಏಣಿ ಹಾಕಿ ಅಟ್ಟ ಹತ್ತಿದರು. ಅಪ್ಪ ನೇಗಿಲು ರಿಪೇರಿಗೆ ಇಟ್ಟುಕೊಂಡಿದ್ದ ಬೈರಿಗೆ ಅಲ್ಲಿತ್ತು, ಕೈಯಲ್ಲಿ ತಿರುಗಿಸಿ ಮರಕ್ಕೆ ತೂತು ಕೊರೆಯುವ ಸಲಕರಣೆ. ಮರದ ಹಿಡಿಯ ಒಂದು ಸ್ಕ್ರೂಡ್ರೈವರೂ ಸಿಕ್ಕಿತು. ಎರಡಕ್ಕೂ ಚಾರ್ಜು ಬೇಡ, ಗಾಳಿ ಬೇಡ, ಸಲಹೆಯಂತೂ ಬೇಡವೇ ಬೇಡ.

ಮೊದಲ ಸ್ಕ್ರೂ ಓರೆಯಾಗಿ ಹೋಯಿತು. ಎರಡನೆಯದರ ತಲೆ ಕೆತ್ತಿಹೋಯಿತು. ಸಿದ್ದುವನ್ನೂ ವಹಾಬರನ್ನೂ, ಬೆಂಗಳೂರಿನ ಸಮಸ್ತ ಸಲಹೆಗಾರರನ್ನೂ ಬೈಯುತ್ತ ಬೈಯುತ್ತ ಐದನೆಯದರ ಹೊತ್ತಿಗೆ ಕೈ ಕುದುರಿತು. ಸ್ಕ್ರೂವಿಗೆ ಒಂಚೂರು ಸೋಪು ಸವರಿದರೆ ಸಲೀಸಾಗಿ ಇಳಿಯುತ್ತದೆಂದು ಯಾವನೋ ಫಿಟ್ಟರು ಎಂದೋ ಕಿಟಕಿಯಲ್ಲಿ ಹೇಳಿದ್ದು ನೆನಪಾಯಿತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಹದಿನೈದನೆಯದು ಒಳಗಿಳಿಯುವ ಹೊತ್ತಿಗೆ ಮುಖದಲ್ಲಿ ಬೆವರು, ಬನಿಯನ್ನಿನಲ್ಲಿ ಹೊಟ್ಟು, ಬಾಯಲ್ಲಿ ಹದಿನಾರನೇ ಸ್ಕ್ರೂ. ಅದನ್ನು ನಾಲ್ಕನೇ ಕಾಲಿಗೆ ಇಟ್ಟು ಅರ್ಧ ತಿರುಗಿಸಿದ್ದರಷ್ಟೆ, ಗೋಡೆ ಗಡಿಯಾರ ನಾಲ್ಕು ಹೊಡೆಯಿತು.

ಸುತ್ತ ನೋಡಿದರು. ಯಾರೂ ಇರಲಿಲ್ಲ. ಇನ್ನೊಂದು ಹತ್ತು ಸುತ್ತು ತಿರುಗಿಸಿದ್ದರೆ ಯಾವ ದೇವರೂ ಕೇಳುತ್ತಿರಲಿಲ್ಲ. ಆದರೆ ಕಿಟಕಿ ಹಾರಿಹೋದ ಸಾಹೇಬರ ಮುಖ ಕಣ್ಣೆದುರು ಬಂತು. "ಥೂ!" ಎಂದು ಸ್ಕ್ರೂಡ್ರೈವರ್ ಕೆಳಗಿಟ್ಟು, ತೊಳೆಯಲು ಬಚ್ಚಲಿಗೆ ಒಯ್ದರು.

ಬೆಳಿಗ್ಗೆ ಯಶೋಧಾ ಕೋಲೂರಿಕೊಂಡು ಬಂದರು. ಮೇಜನ್ನು ಒಂದು ಸುತ್ತು ಹಾಕಿದರು. ಕುರ್ಚಿ ಎಳೆದು ಕೂತು, ಈಳಿಗೆ ಮಣೆಯನ್ನು ಪಟ್ಟಿಗಳ ನಡುವೆ ಸರಿಸಿದರು. ಅದು ಕಚ್ಚಿಕೊಂಡು ಕೂತಿತು. ಎರಡೂ ಕೈ ಅಲಗಿನ ಹತ್ತಿರ ತಂದು ನೋಡಿದರು.

"ಎತ್ತರ ಸರಿಯಾಗೈತೆ. ಯಾರ್ ಹೇಳಿದ್ದು ಅಳತೆ?"

"ಯಾರೂ ಇಲ್ಲ. ನೀನ್ ಕೂತ್ಕೊಳ್ಳೋದು ನೋಡಿಲ್ವಾ ನಾನು?"

ಆಕೆ ಅವರ ಅಂಗೈ ಕಡೆ ನೋಡಿ ಎದ್ದುಹೋಗಿ ಕೊಬ್ಬರಿ ಎಣ್ಣೆ ತಂದಿಟ್ಟರು. ಆಮೇಲೆ ಬೈರಿಗೆ, ಸ್ಕ್ರೂಡ್ರೈವರ್, ಈಳಿಗೆ, ಕೊನೆಗೆ ಮೇಜಿನ ನಾಲ್ಕು ಕಾಲಿಗೂ ಅರಿಶಿನ ಕುಂಕುಮ ಹಚ್ಚಿದರು. ಗೋಡೆಯ ಬಿಲ್ಲೆಯನ್ನೂ ಇಳಿಸಿ ಒಂದು ಬೊಟ್ಟಿಟ್ಟರು.

"ಸರಿ, ಒಂದು ಸೌತೆಕಾಯಿ ಹೆಚ್ಚಿ ನೋಡು" ಎಂದರು ಮುನಿಗಂಗಪ್ಪ, ತಡೆಯಲಾರದೆ.

"ಇವತ್ತು ಈಳಿಗೆ ಮುಟ್ತಾರೇನ್ರೀ? ನಿಮಗೇ ಹೇಳ್ಕೊಡ್ಬೇಕಾ?"

ಹನ್ನೆರಡು ದಿನ ಕಾದ ಮೇಜು ಹದಿಮೂರನೇ ದಿನವೂ ಸುಮ್ಮನೆ ನಿಂತಿತು. ಮುನಿಗಂಗಪ್ಪನವರು ಹೋಟೆಲಿನಿಂದ ಪಾರ್ಸೆಲ್ ತಂದರು.

ವಿಜಯದಶಮಿಯ ದಿನ ಅವರು ಕಣ್ಣುಬಿಟ್ಟಾಗ ಅಡುಗೆಮನೆಯಿಂದ ಸರಸರ ಸದ್ದು ಬರುತ್ತಿತ್ತು. ಯಶೋಧಾ ಕುರ್ಚಿಯಲ್ಲಿ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಐದೈದು ಕಾಯಿ ಒಟ್ಟಿಗೆ ಹಿಡಿದು, ನೋಡದೆಯೇ, ಮೊದಲಿನ ಹಾಗೆ. ಹದಿನಾರನೇ ಸ್ಕ್ರೂ ನೆನಪಾಗಿ ಮುನಿಗಂಗಪ್ಪನವರು ಸ್ಕ್ರೂಡ್ರೈವರಿನ ಕುಂಕುಮ ಒರೆಸಿ ತಂದರು.

"ಸ್ವಲ್ಪ ಏಳು. ಆ ಕಾಲು ಅಲ್ಲಾಡತ್ತೆ."

"ಅಲ್ಲಾಡ್ತಿತ್ತು. ಸರಿಮಾಡ್ಕೊಂಡೆ."

ಬಗ್ಗಿ ನೋಡಿದರು. ನಾಲ್ಕನೇ ಕಾಲಿನ ಅಡಿಯಲ್ಲಿ, ಬೊಟ್ಟಿನ ಸಮೇತ, ಮೂವತ್ತೆರಡು ವರ್ಷದ ಸೇವೆಗೆ ಸಿಕ್ಕಿದ ಹಿತ್ತಾಳೆ ಬಿಲ್ಲೆ.

"ಯಶೋಧಾ! ಅದು ನನ್ ರಿಟೈರ್‌ಮೆಂಟಿಂದು ಕಣೇ!"

"ಹೂಂ, ಗೊತ್ತು. ಸರಿಯಾಗಿ ಕೂತೈತೆ."

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಸಿದ್ದು: "ಮಾವ, ಡ್ರಿಲ್ ತರ್ಲಾ? ಫುಲ್ ಚಾರ್ಜ್!" ಹಿಂದೆಯೇ ವಹಾಬರದ್ದೂ ಬರತೊಡಗಿತು. ಮುನಿಗಂಗಪ್ಪನವರು ಎರಡರ ಬಾಯಿಯನ್ನೂ ಮುಚ್ಚಿಸಿ, ಫೋನನ್ನು ಅಕ್ಕಿಡಬ್ಬದ ಮೇಲೆ ಮಗುಚಿಟ್ಟರು.

"ಎರಡು ನಿಮಿಷ ಏಳು ಮಾರಾಯ್ತಿ. ಒಂದೇ ಸ್ಕ್ರೂ."

"ಹುರುಳಿಕಾಯಿ ಆಗ್ಲಿ. ಆಮೇಲೆ ಕಾಯಿ ತುರೀಬೇಕು. ಆಮೇಲ್ ನೋಡೋಣ. ಅಲ್ಲೇ ನಿಂತಿರಿ."

ಮೂವತ್ತೆರಡು ವರ್ಷ ಅವರ ಕಿಟಕಿಯೆದುರು ಜನ ನಿಂತಿದ್ದು ಹೀಗೆಯೇ. ಮುನಿಗಂಗಪ್ಪನವರು ಸ್ಕ್ರೂಡ್ರೈವರ್ ಹಿಡಿದುಕೊಂಡು, ಬಾಗಿಲ ಪಟ್ಟಿಗೊರಗಿ, ತಮ್ಮ ಸರದಿಗೆ ಕಾಯುತ್ತ ನಿಂತರು.