ಬಲೆ ಬಿಡದ ಜಾಗಕ್ಕೆ ನಾನು ಬರೆದ ಸೊನ್ನೆ

ನಂಬೋಕೆ ಆಗ್ತಿಲ್ಲ...
ಬೆಳಿಗ್ಗೆ ಹಳೇ ಆಫೀಸಿನವರ ಗ್ರೂಪಿನಲ್ಲಿ ಹನುಮಂತರಾಯಪ್ಪನವರ ಫೋಟೋ ನೋಡಿದೆ.
ಬರ್ತ್‌ಡೇ ಇರಬೇಕು ಅಂದುಕೊಂಡು ವಿಶ್ ಮಾಡೋಕೆ ಹೋಗಿದ್ದೆ...
ಕೆಳಗಿನ ಸಾಲು ಓದಿದ್ದು ಆಮೇಲೆ.

ನಿಮ್ಮಲ್ಲಿ ಬಹಳ ಜನಕ್ಕೆ ಅವರು ಗೊತ್ತಿಲ್ಲ.
ಎಂಬತ್ತರ ದಶಕದ ಶುರು... ನಾನು ಮೀನುಗಾರಿಕೆ ಓದಿ ಮಧುಗಿರಿಯ ಮೀನುಗಾರಿಕೆ ಆಫೀಸಿಗೆ ಹೊಸದಾಗಿ ಬಂದಿದ್ದ ಅಸಿಸ್ಟೆಂಟು.
ಅವರು ಅಲ್ಲೇ ಹತ್ತಿರದ ಪುರವರ ಅನ್ನೋ ಊರಿನ ಕಡೆಯವರು, ದಿನಗೂಲಿ ಫೀಲ್ಡ್‌ಮ್ಯಾನ್.

ಹಳ್ಳ ಬಂದು ಕೆರೆಗೆ ಸೇರುವ ಬಾಯಲ್ಲಿ ಮೀನುಮರಿಗಳು ಎಲ್ಲಿ ತಂಗುತ್ತವೆ...
ಆಳ ಎಷ್ಟು, ಕೆಸರೋ ಮರಳೋ, ಜೊಂಡು ಇದೆಯೋ ಇಲ್ಲವೋ...
ಎಲ್ಲಾ ಗ್ರಾಫ್ ಶೀಟಿನ ಚೌಕಗಳಿಗೆ ಇಳಿಸಿ ಒಂದು ಮಾಡೆಲ್ ಮಾಡ್ತಿದ್ದೆ.
ಅದು ಸರಿಹೋದರೆ ಯಾವ ಕೆರೆಯಲ್ಲಿ ಮರಿ ಎಲ್ಲಿರುತ್ತೆ ಅಂತ ಕೂತಲ್ಲೇ ಹೇಳಬಹುದು ಅನ್ನೋ ಜಂಬ ನನಗೆ.
ನೀರಿಗಿಳಿದು ಬಲೆ ಎಳೆಯೋರು ಅವರು. ದಡದಲ್ಲಿ ನಿಂತು ಬರ್ಕೊಳ್ಳೋನು ನಾನು.

ಜೊಂಡು ಒತ್ತಾಗಿ ಬೆಳೆದ ಕಡೆ ಬಲೆ ಸಿಕ್ಕಿಕೊಂಡು ಹರಿದೇಹೋಯಿತು.
ಮೇಲೆ ಬಂದು ಹೇಳಿದರು...
"ಜೊಂಡೊಳ್ಗೆ ಬಲೆ ಬುಡೋಕಾಗ್ಲಿಲ್ಲ ಸಾರ್. ಅಂಗಂತ ಮರಿ ಇಲ್ಲ ಅಂತ ಬರ್ಕೋಬ್ಯಾಡಿ. ನೋಡ್ಲಿಲ್ಲ ಅಂತ ಬರ್ಕಳಿ."

ಖಾಲಿ ಬಿಟ್ಟರೆ ಶೀಟು ಅರ್ಧಂಬರ್ಧ ಕಾಣುತ್ತೆ ಅಂತ ಜೊಂಡಿದ್ದ ಅಷ್ಟೂ ಚೌಕಕ್ಕೆ ಸೊನ್ನೆ ಬರೆದೆ.

ನನ್ನ ರಿಪೋರ್ಟು ನೋಡಿ, ಮರಿಯೇ ಇಲ್ಲದ ಜಾಗ ಅಂತ ಜೊಂಡನ್ನೆಲ್ಲಾ ಕೀಳಿಸಿದರು.
ಮುಂದಿನ ಮಳೆಗಾಲ ಅಲ್ಲಿ ಬಲೆ ಎಳೆದರೆ ಒಂದು ಹಿಡಿ ಮರಿ ಬರಲಿಲ್ಲ...
ಮೊದಲಿದ್ದ ಮರಿಯೆಲ್ಲಾ ಆ ಜೊಂಡಿನ ಆಸರೆಯಲ್ಲೇ ಇತ್ತು.

ಮೇಲಿನವರು ಕರೆಸಿ ಕೇಳಿದರು.
ನಾನು ಹೇಳಿದೆ... "ಜೊಂಡೊಳಗೂ ಬಲೆ ಬಿಟ್ಟೆ ಅಂತ ಇವನೇ ಹೇಳಿದ್ದು ಸಾರ್."
ಅವರು ನನ್ನ ಪಕ್ಕದಲ್ಲೇ ನಿಂತಿದ್ದರು.

ಹನುಮಂತಣ್ಣಾ...
ಅವತ್ತು ನೀವು ಒಂದು ಸಲ ನನ್ನ ಮುಖ ನೋಡಿ ತಲೆ ತಗ್ಗಿಸಿದಿರಿ, ಅಷ್ಟೇ.
ಕಾಯಂ ಮಾಡುವ ಪಟ್ಟಿಯಿಂದ ನಿಮ್ಮ ಹೆಸರು ಹೊಡೆದುಹಾಕಿ, ಕೆಲಸದಿಂದಲೂ ತೆಗೆದರು.
ನಾನು ಪ್ರಮೋಷನ್ ತಗೊಂಡು ಸಿರಾಕ್ಕೆ ಹೋದೆ.
ನೀವು ಪಾವಗಡದ ಆಚೆ, ವೈ.ಎನ್.ಹೊಸಕೋಟೆ ಕಡೆ ಕಡಲೆಕಾಯಿ ಕೀಳುವ ಕೂಲಿಗೆ ಹೋಗಿದ್ದೀರಿ ಅಂತ ಯಾರೋ ಹೇಳಿದರು... ಕೇಳಿ ಸುಮ್ಮನಾದೆ.

ಆಮೇಲೊಮ್ಮೆ ಸಿರಾ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮನ್ನು ಕಂಡು ಪೇಪರು ಮುಖಕ್ಕೆ ಅಡ್ಡ ಹಿಡಿದೆ.
ನೀವೇ ಹತ್ತಿರ ಬಂದಿರಿ. ಜೊತೆಗಿದ್ದ ಮಗಳಿಗೆ, "ನಮ್ ಸಾರು ಕಣಮ್ಮ, ಕಾಲಿಗ್ ಬೀಳು" ಅಂದಿರಿ.
ಆ ಮಗು ಬಿತ್ತು.
ನಾನು ಬೇಡ ಅನ್ನಲಿಲ್ಲ... ಥೂ, ನನ್ನ ಜನ್ಮಕ್ಕೆ.

ಅರ್ಧ ಗಂಟೆ ಮುಂಚೆ ಅದೇ ಮಗಳು ಫೋನ್ ಮಾಡಿದ್ದಳು. ಈಗ ಕೊರಟಗೆರೆಯಲ್ಲಿ ಟೀಚರ್.
ಅಪ್ಪನಿಂದ ಏನೋ ತಪ್ಪಾಗಿ ಕೆಲಸ ಹೋಯಿತು ಅಂತಷ್ಟೇ ಮನೆಯಲ್ಲಿ ಗೊತ್ತಂತೆ. ಏನು ತಪ್ಪು ಅಂತ ಅವರು ಕೊನೆವರೆಗೂ ಹೇಳಲಿಲ್ಲವಂತೆ...
"ಅಪ್ಪ ಒಳ್ಳೇ ಕೆಲಸಗಾರ್ರು ಅಂತ ನೀವೊಬ್ರು ಬರುದ್ರೆ ಸಾಕು ಸಾರ್, ನಮ್ ಮಕ್ಳಿಗೆ ತೋರುಸ್ತೀನಿ" ಅಂದಳು.

ಬರೆದಿದ್ದೇನೆ ಕಣಮ್ಮ.
ನಿಮ್ಮಪ್ಪ ಸರಿಯಾಗೇ ಕೆಲಸ ಮಾಡಿದ್ದರು. ಸುಳ್ಳು ಹೇಳಿದ್ದು ನಾನು.
ಮಕ್ಕಳಿಗೆ ಇದನ್ನೇ ತೋರಿಸು... ನನ್ನ ಹೆಸರು ಮುಚ್ಚಿಡಬೇಡ.

ಹೋಗಿ ಬನ್ನಿ ಹನುಮಂತಣ್ಣ...
ಹೋದ ಕಡೆ ನಿಮ್ಮ ಜೀವ ತಣ್ಣಗಿರಲಿ.