ತಮ್ಮನ ಎಂಜಿನ್ ಮತ್ತು ಮ್ಯಾಗ್ನಾ ಕಾರ್ಟಾ

ಕೊರೋನಾ ಬರುವುದಕ್ಕೆ ಹಿಂದಿನ ವರ್ಷ ನಾನು ಕಾಪು ಸಮೀಪದ ನಮ್ಮ ಕಡಲತಡಿಯ ಗುರಿಕಾರನಾಗಿದ್ದೆ. ನಾಡದೋಣಿಯವರ ನಡುವೆ ತಕರಾರು ಎದ್ದರೆ ಸಭೆ ಕರೆದು ತೀರ್ಮಾನ ಹೇಳುವವನು ಗುರಿಕಾರ. ಐದನೇ ತರಗತಿಗೆ ಶಾಲೆ ಬಿಟ್ಟವನಾದರೂ ಮುಖ ನೋಡಿ ತೀರ್ಪು ಕೊಡದವನು ಎಂಬ ಹೆಸರು ನನಗಿತ್ತು. ಆ ಹೆಸರಿನ ಆಸೆಯಿಂದಲೇ ನಾನು ತಪ್ಪು ಮಾಡಿದೆ.

ಊರಿನ ಮೀನುಗಾರ ತೀರಿಕೊಂಡ ದಿನ ನಮ್ಮಲ್ಲಿ ಯಾರೂ ಕಡಲಿಗೆ ಇಳಿಯುವಂತಿಲ್ಲ. ಮೇ ತಿಂಗಳ ಕೊನೆಗೆ ನಮ್ಮ ಜೊತೆ ಮೀನು ಹಿಡಿಯುತ್ತಿದ್ದ ಭಾಸ್ಕರಣ್ಣ ತೀರಿಹೋದರು. ಹೆಣ ಇನ್ನೂ ಮನೆಯಲ್ಲಿರುವಾಗಲೇ ನನ್ನ ತಮ್ಮ ಸುಧಾಕರನ ದೋಣಿ ಮೀನಿನೊಂದಿಗೆ ದಡಕ್ಕೆ ಬಂತೆಂದು ಕಂಡವರು ಹೇಳಿದರು. ಮರುದಿನ ಸಭೆ ಸೇರಿತು. ಸುಧಾಕರ ಎದ್ದು ನಿಂತ.

"ಅಣ್ಣ, ನನ್ನದೊಂದು ಮಾತು ಉಂಟು."

"ಕೂತುಕೋ. ತಮ್ಮನ ಮಾತು ಕೇಳಿದರೆ ನಾಳೆ ನನ್ನ ಮಾತು ಯಾರು ಕೇಳುತ್ತಾರೆ?" ಎಂದೆ.

ಅವನ ದೋಣಿಯ ಎಂಜಿನ್ ಬಿಚ್ಚಿ ಊರಿನ ಶೆಡ್ಡಿನಲ್ಲಿಡಬೇಕು, ಮಳೆಗಾಲ ಮುಗಿದ ಮೇಲೆ ಕೊಡುವುದು ಎಂದು ತೀರ್ಪು ಕೊಟ್ಟೆ. ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗೆ ನಿಷೇಧ ಇರುವುದರಿಂದ ನಾಡದೋಣಿಗೆ ಸಂಪಾದನೆಯಾಗುವುದು ಆಗಲೇ. ಅದು ನನಗೆ ಗೊತ್ತಿಲ್ಲದ್ದಲ್ಲ. ತಮ್ಮನೆಂದು ಬಿಡಲಿಲ್ಲವಲ್ಲ ಎಂದು ಜನ ಹೊಗಳಿದರು. ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. ಸುಧಾಕರ ಉದ್ಯಾವರದ ಕಡೆ ಒಂದು ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಹೊರುವ ಕೆಲಸಕ್ಕೆ ಸೇರಿದ. ನನ್ನ ಅಂಗಳ ತುಳಿಯುವುದನ್ನು ಬಿಟ್ಟ.

ಅವನ ಮಗಳು ಶ್ರಾವ್ಯ ಉಡುಪಿಯಲ್ಲಿ ಕಾನೂನು ಓದುತ್ತಿದ್ದಳು. ಜೂನ್ ತಿಂಗಳ ಒಂದು ಮಧ್ಯಾಹ್ನ ಪುಸ್ತಕ ಹಿಡಿದು ನನ್ನ ಮನೆಗೆ ಬಂದು, ಪರೀಕ್ಷೆಗೆ ಗಟ್ಟಿಯಾಗಿ ಓದಬೇಕು, ಕೇಳುವವರು ಬೇಕು ಎಂದಳು. ಇಂಗ್ಲೆಂಡಿನ ಅರಸನೊಬ್ಬನ ಕಥೆ.

"ಅದು ನನಗೆ ಎಂತಕ್ಕೆ ಮಾರಾಯ್ತಿ?"

"ಅದರಲ್ಲಿ ಮೀನು ಕೂಡ ಉಂಟು ದೊಡ್ಡಪ್ಪ."

1215ರ ಜೂನ್ ತಿಂಗಳು. ಜಾನ್ ಎಂಬ ಅರಸ ಮನಬಂದಂತೆ ಸುಲಿಯುತ್ತಿದ್ದ, ಬೇಡದವರನ್ನು ಹಿಡಿದು ಹಾಕುತ್ತಿದ್ದ. ಸಿಟ್ಟಿಗೆದ್ದ ಜಹಗೀರುದಾರರು ಥೇಮ್ಸ್ ನದಿಯ ದಡದ ರನ್ನಿಮೀಡ್ ಎಂಬ ಹುಲ್ಲುಗಾವಲಿಗೆ ಅವನನ್ನು ಬರಮಾಡಿಕೊಂಡು ಒಂದು ಕರಾರಿಗೆ ಒಪ್ಪಿಸಿದರು. ಅದೇ ಮ್ಯಾಗ್ನಾ ಕಾರ್ಟಾ, ದೊಡ್ಡ ಸನದು. ಅರಸ ಅದಕ್ಕೆ ಸಹಿ ಹಾಕಲಿಲ್ಲ, ಮುದ್ರೆ ಒತ್ತಿಸಿದ. ನದಿಗೆ ಅಡ್ಡಲಾಗಿ ಕಟ್ಟಿದ ಮೀನಿನ ಬೇಲಿಗಳನ್ನು ಕಿತ್ತು ಹಾಕಬೇಕೆಂದು ಅದರಲ್ಲಿ ನಿಜವಾಗಿಯೂ ಇತ್ತು. ನಮ್ಮ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅಡ್ಡ ಬಲೆ ಕಟ್ಟುವವರ ಜಗಳವೇ ಅಲ್ಲವೇ ಇದು ಎಂದು ನಾನು ನೆಟ್ಟಗೆ ಕುಳಿತೆ.

ಆಮೇಲಿನದ್ದನ್ನು ಅವಳು ನಿಧಾನವಾಗಿ ಓದಿದಳು. ತಪ್ಪು ಎಷ್ಟೋ ದಂಡವೂ ಅಷ್ಟೇ ಇರಬೇಕು. ದಂಡ ಹಾಕಿದರೂ ವ್ಯಾಪಾರಿಯ ಸರಕನ್ನು, ಬೇಸಾಯಗಾರನ ಸಾಗುವಳಿಯ ಸಾಧನವನ್ನು ಮುಟ್ಟಬಾರದು. ಸರೀಕರ ತೀರ್ಮಾನವಿಲ್ಲದೆ, ನಾಡಿನ ಕಾನೂನು ಬಿಟ್ಟು, ಸ್ವತಂತ್ರನಾದ ಯಾರನ್ನೂ ಹಿಡಿಯುವಂತಿಲ್ಲ, ಅವನ ಸೊತ್ತು ಕಸಿಯುವಂತಿಲ್ಲ. ನ್ಯಾಯವನ್ನು ಮಾರುವುದಿಲ್ಲ, ನಿರಾಕರಿಸುವುದಿಲ್ಲ, ತಡಮಾಡುವುದಿಲ್ಲ.

ಶೆಡ್ಡಿನಲ್ಲಿ ಬಿದ್ದಿದ್ದ ತಮ್ಮನ ಎಂಜಿನ್ ನೆನಪಾಯಿತು. ನಮ್ಮ ಕಡಲನ್ನು ಕಾಣದವರು, ನಾಡದೋಣಿ ಎಂದರೆ ಏನೆಂದು ತಿಳಿಯದವರು, ಎಂಟುನೂರು ವರ್ಷಗಳ ಹಿಂದೆ ಚರ್ಮದ ಹಾಳೆಯ ಮೇಲೆ ನನ್ನ ತಪ್ಪಿಗೆ ಉತ್ತರ ಬರೆದಿಟ್ಟಿದ್ದರು.

ಶ್ರಾವ್ಯ ಅದನ್ನು ಅತಿಯಾಗಿ ಹೊಗಳಲಿಲ್ಲ. ಜಹಗೀರುದಾರರು ನೋಡಿಕೊಂಡದ್ದು ಮುಖ್ಯವಾಗಿ ತಮ್ಮ ಹಿತವನ್ನೇ. ಬಡವರಲ್ಲಿ ಹೆಚ್ಚಿನವರು ಆಗ ಸ್ವತಂತ್ರರೇ ಆಗಿರಲಿಲ್ಲ. ಕೆಲವೇ ವಾರಗಳಲ್ಲಿ ಪೋಪ್ ಅದನ್ನು ರದ್ದು ಮಾಡಿದರು. ಮರುವರ್ಷ ಅರಸ ಸತ್ತ ಮೇಲೆ, ಬಾಲಕನಾಗಿದ್ದ ಅವನ ಮಗನ ಹೆಸರಿನಲ್ಲಿ ಅದನ್ನು ತಿದ್ದಿ ಮತ್ತೆ ಹೊರಡಿಸಿದರು. ಅಲ್ಲಿಂದ ದೇಶ ದೇಶ ದಾಟಿತು. ಕಾನೂನಿನ ಕ್ರಮ ಬಿಟ್ಟು ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಬಾರದೆಂಬ ನಮ್ಮ ಸಂವಿಧಾನದ ಮಾತಿನಲ್ಲಿಯೂ ಅದರ ನೆರಳು ಉಂಟು ಎಂದಳು.

"ನಿನ್ನ ಅಪ್ಪನಿಗೆ ಅವತ್ತು ಎಂತ ಹೇಳಲಿಕ್ಕೆ ಇತ್ತು?" ಎಂದು ಕೇಳಿದೆ.

"ನಾನು ಹೇಳುವುದಿಲ್ಲ ದೊಡ್ಡಪ್ಪ. ಸಭೆ ಕರೆದು ಅಪ್ಪನನ್ನೇ ಕೇಳಿ."

ಆ ಭಾನುವಾರವೇ ಕರೆದೆ. ಸುಧಾಕರ ನನ್ನ ಮುಖ ನೋಡದೆ ಹೇಳಿದ. ಭಾಸ್ಕರಣ್ಣ ಸಾಯುವ ಹಿಂದಿನ ಸಂಜೆ ಕಡಲಿನಲ್ಲಿ ಬಲೆ ಬಿಟ್ಟು ಬಂದಿದ್ದರು. ಎಳೆಯದಿದ್ದರೆ ಅದು ನೀರಿನ ಸೆಳೆತಕ್ಕೆ ಸಿಕ್ಕಿ ಕೊಚ್ಚಿಹೋಗುತ್ತಿತ್ತು. ಅಳುತ್ತಿರುವ ಮನೆಯಲ್ಲಿ ಬಲೆಯ ಮಾತು ಎತ್ತಲಾರದೆ ಅವನೇ ಹೋಗಿ ಎಳೆದು, ಬಲೆಯನ್ನೂ ಮೀನನ್ನೂ ಅವರ ಹಿತ್ತಲಿನಲ್ಲಿ ಇಟ್ಟು ಬಂದಿದ್ದ. ಭಾಸ್ಕರಣ್ಣನ ಹೆಂಡತಿ ಎದ್ದು, ಅದನ್ನು ಇಟ್ಟವರು ಯಾರೆಂದು ಈವತ್ತಿನವರೆಗೆ ತನಗೆ ಗೊತ್ತಿರಲಿಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಶೆಡ್ಡಿನಿಂದ ಎಂಜಿನ್ ಹೊರಗೆ ಬಂತು. ಮೂಲೆಯಲ್ಲಿದ್ದ ಹಿರಿಯರೊಬ್ಬರು, "ಗುರಿಕಾರನಿಗೂ ದಂಡ ಉಂಟಲ್ವಾ?" ಎಂದರು. ಕೆಲವರು ನಕ್ಕರು. ಎಷ್ಟು ದಂಡವೆಂದು ನೀನೇ ಹೇಳು ಎಂದು ಎಲ್ಲರೂ ಸುಧಾಕರನ ಕಡೆಗೆ ತಿರುಗಿದರು.

"ಹಾಕುವ," ಎಂದ ಅವನು. "ಮೊದಲು ಅಣ್ಣನಿಗೆ ಎಂತಾದರೂ ಹೇಳಲಿಕ್ಕೆ ಉಂಟಾ ಕೇಳಿ."

ನಾನು ಬಾಯಿ ತೆರೆಯುವವರೆಗೆ ಸಭೆ ಕಾದು ಕುಳಿತಿತ್ತು. ತೀರ್ಪು ಹೇಳುವವನ ಮೊದಲ ಕೆಲಸ ಹಾಗೆ ಕಾಯುವುದು ಎಂಬುದನ್ನು, ಅಷ್ಟು ವರ್ಷ ಗುರಿಕಾರನಾಗಿದ್ದ ನಾನು, ತಪ್ಪಿತಸ್ಥನಾಗಿ ನಿಂತ ಆ ಹೊತ್ತಿನಲ್ಲಿ ಕಲಿತೆ.