ನೋಡ್ಕೋತೀವಿ ಅಂದವರು

ಬೀದಿಯಲ್ಲಿ ಈಗ ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಾರೆ. ಮೊದಲು ಹಾಗಿರಲಿಲ್ಲ. ಮೊದಲು ಅವಳು ಬರೀ ಇಸ್ತ್ರಿಯಮ್ಮ.

ಮುಖ್ಯರಸ್ತೆಯ ಲಾಡ್ಜಿನ ಬೆಡ್‌ಶೀಟುಗಳೆಲ್ಲ ಅವಳ ಕೈಯಲ್ಲೇ ಬೆಳ್ಳಗಾಗಬೇಕು. ಒಗೆದು, ನೀಲಿಯಲ್ಲಿ ಅದ್ದಿ, ಹಿತ್ತಲ ತಂತಿಯ ಮೇಲೆ ಒಣಗಿಸಿ, ಬಾಗಿಲ ಪಕ್ಕದ ಮೇಜಿನ ಮೇಲೆ ಕೆಂಡದ ಪೆಟ್ಟಿಗೆಯಿಂದ ಇಸ್ತ್ರಿ ಮಾಡುತ್ತಾಳೆ. ಗಂಡ ಇದ್ದಾಗ ಇಬ್ಬರ ಕೆಲಸ. ಅವನು ಹೋದ ಮೇಲೆ ಅವನ ಪಾಲಿನದನ್ನೂ ಅವಳೇ ಮಾಡಿದಳು. ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಇಡುವ ಮೊದಲು ಒದ್ದೆ ಬೆರಳಿನಿಂದ ಒಮ್ಮೆ ಮುಟ್ಟಿ, ಅದು ಚುರ್ ಎನ್ನುವ ಸದ್ದು ಕೇಳಿದರೆ ಸಾಕು, ಶಾಖ ಹೆಚ್ಚೋ ಕಡಿಮೆಯೋ ಅವಳಿಗೆ ತಿಳಿಯುತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಒಂದು ಬಟ್ಟೆಗೂ ಸುಟ್ಟ ಕಲೆ ಮಾಡಿದವಳಲ್ಲ. ಮಕ್ಕಳಿರಲಿಲ್ಲ. ಒಬ್ಬಳೇ ತಂಗಿ, ಅವಳ ಜೊತೆಗೆ ಮಾತು ಬಿಟ್ಟು ಕಾಲವಾಗಿತ್ತು. ಜಗಳದ ಕಾರಣ ಮರೆತುಹೋಗಿತ್ತು, ಮಾತು ಬಿಟ್ಟಿದ್ದು ಮಾತ್ರ ಮರೆತಿರಲಿಲ್ಲ. ತಂಗಿ ಸತ್ತ ಸುದ್ದಿಯೂ ಯಾರೋ ಹೇಳಿ, ತಡವಾಗಿ ಕಿವಿಗೆ ಬಿತ್ತು.

ಒಂದು ದಿನ ಮುಸ್ಸಂಜೆ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಕೈಯಲ್ಲಿ ಒಂದು ಚೀಲ. ತಂಗಿಯ ಮೂಗು, ತಂಗಿಯ ಹಣೆ.

"ದೊಡ್ಡಮ್ಮ," ಎಂದಳು.

ಇಸ್ತ್ರಿಯಮ್ಮನನ್ನು ಆವರೆಗೆ ಯಾರೂ ಹಾಗೆ ಕರೆದಿರಲಿಲ್ಲ. "ಒಳಗೆ ಬಾ," ಎಂದಳು, ಇನ್ನೇನೂ ಕೇಳಲಿಲ್ಲ.

ಊಟಕ್ಕೆ ಕೂತಾಗ ಹುಡುಗಿ ಸರಿದು ಈಚೆ ಬದಿಗೆ ಬಂದಳು. "ಎಡಗಡೆಯಿಂದ ಮಾತಾಡಿಸಬೇಡಿ ದೊಡ್ಡಮ್ಮ. ಆ ಕಿವಿ ಹೋಗಿದೆ."

"ಹೇಗೆ ಹೋಯ್ತು?"

"ಅವರ ಕೈ ಸ್ವಲ್ಪ ಭಾರ," ಎಂದು ಹುಡುಗಿ ನಕ್ಕಳು. ದೊಡ್ಡಮ್ಮ ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.

ಆ 'ಅವರು' ಎಂದರೆ ಹುಡುಗಿಯ ಗಂಡ. ಊರಿನ ರಸ್ತೆಗಳಿಗೆಲ್ಲ ಹೊಸ ಕಂಬ ನೆಡುತ್ತಿದ್ದಾರಲ್ಲ, ಅವುಗಳ ಕ್ಯಾಮರಾಗಳಲ್ಲಿ ಕಾಣುವುದನ್ನೆಲ್ಲ ಒಂದು ದೊಡ್ಡ ಕೋಣೆಯಲ್ಲಿ ಪರದೆಗಳ ಮುಂದೆ ಕೂತು ನೋಡುವುದೇ ಅವನ ಕೆಲಸ. ಹೆಂಡತಿಗೆ ಇಸ್ತ್ರಿ ಮಾಡುವ ದೊಡ್ಡಮ್ಮ ಒಬ್ಬಳಿದ್ದಾಳೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಹುಡುಗಿ ಮನೆ ಬಿಡುವ ದಿನ ಅವನು ತಡೆಯಲೂ ಇಲ್ಲ, ಕೂಗಾಡಲೂ ಇಲ್ಲ. ಕೂತಲ್ಲಿಂದಲೇ ಹೇಳಿದ್ದು ಇಷ್ಟೇ: "ಹೋಗು, ಎಲ್ಲಿಗೆ ಹೋಗ್ತೀಯ? ಇವತ್ತಲ್ಲ ನಾಳೆ ಯಾವುದೋ ಕಂಬದ ಕೆಳಗೆ ಬರ್ತೀಯ. ಆಮೇಲೆ ನಾನು ನೋಡ್ಕೋತೀನಿ."

ಹುಡುಗಿ ಒಳಗೇ ಉಳಿದಳು. ಬಾಗಿಲಿಗೆ ಪರದೆಯಾಗಿ ಕಟ್ಟಿದ್ದ ಹಳೆಯ ಬೆಡ್‌ಶೀಟಿನ ಹಿಂದೆ ನಿಂತು ಇಸ್ತ್ರಿ ಮಾಡಿದಳು, ಮಡಿಸಿದಳು. ಮುಖ ಯಾರಿಗೂ ಕಾಣಲಿಲ್ಲ. ಆದರೆ 'ದೊಡ್ಡಮ್ಮ, ಕೆಂಡ ಆರ್ತಾ ಇದೆ', 'ದೊಡ್ಡಮ್ಮ, ಇದರ ಅಂಚು ಹರಿದಿದೆ' ಎನ್ನುವ ದನಿ ಬೀದಿಗೆ ಕೇಳುತ್ತಿತ್ತು. ಎದುರಿನ ಕಟಿಂಗ್ ಅಂಗಡಿಯವನು ಮೊದಲು ತಮಾಷೆಗೆ ದೊಡ್ಡಮ್ಮ ಎಂದ. ಆಮೇಲೆ ಎಲ್ಲರ ಬಾಯಿಗೂ ಅದೇ ಬಂತು.

"ಯಾರು ದೊಡ್ಡಮ್ಮ, ಒಳಗಿರೋದು?"

"ನೆಂಟರ ಹುಡುಗಿ. ಮೈ ಸರಿಯಿಲ್ಲ. ಬಿಸಿಲಿಗೆ ಬರಲ್ಲ."

"ಕೆಂಡದ ಮುಂದೆ ನಿಲ್ಲಬಹುದು, ಬಿಸಿಲಿಗೆ ಬರೋ ಹಾಗಿಲ್ವಾ? ಯಾವ ಡಾಕ್ಟ್ರಪ್ಪ ಅವನು!" ಎಂದು ಅವನು ನಕ್ಕು ಕತ್ತರಿ ಕೈಗೆತ್ತಿಕೊಂಡ. ಅವನ ನಾಲಿಗೆ ಕತ್ತರಿಗಿಂತ ಚುರುಕು, ಮನಸ್ಸಿನಲ್ಲಿ ಏನೂ ಇಲ್ಲ ಎಂದು ದೊಡ್ಡಮ್ಮನಿಗೆ ಗೊತ್ತಿತ್ತು. ಆದರೂ ಅಂದಿನಿಂದ ಪರದೆಯ ಕೆಳತುದಿಗೆ ಒಂದು ಇಟ್ಟಿಗೆ ಇಟ್ಟಳು, ಗಾಳಿಗೆ ಹಾರದಿರಲೆಂದು.

ಹೀಗಿರುವಾಗ ಅವರ ಬೀದಿಗೂ ಕಂಬ ಬಂತು.

ಎತ್ತರದ, ಬೂದು ಬಣ್ಣದ ಕಂಬ. ಅದರ ದೀಪ ಸುಮ್ಮನೆ ಉರಿಯುವುದಿಲ್ಲ. ಬೀದಿ ಖಾಲಿಯಿದ್ದರೆ ಕಣ್ಣು ಅರೆಮುಚ್ಚಿದಂತೆ ಮಂಕಾಗಿರುತ್ತದೆ, ಯಾರಾದರೂ ಹೆಜ್ಜೆ ಇಟ್ಟ ಕೂಡಲೆ ಧಗ್ಗನೆ ಏರುತ್ತದೆ. ದೀಪದ ಕೆಳಗೆ, ಮಗುಚಿಟ್ಟ ಬಟ್ಟಲಿನ ಹಾಗೆ, ಕಪ್ಪು ಗಾಜಿನ ಬುಂಡೆ, ಅದರೊಳಗೆ ಕ್ಯಾಮರಾ. ಕಟಿಂಗ್ ಅಂಗಡಿಯವನಿಗೆ ಹಿಗ್ಗೋ ಹಿಗ್ಗು. ಅವನ ಸ್ಕೂಟರ್ ಅಂಗಡಿಯ ಮುಂದಿನಿಂದಲೇ ಕಳುವಾಗಿತ್ತು.

"ಇನ್ಮೇಲೆ ಬರಲಿ ಕಳ್ಳ ನನ್ಮಗ! ಮೂಗಿನ ಕೂದಲು ಸಮೇತ ಕಾಣತ್ತಂತೆ."

ದೊಡ್ಡಮ್ಮ ಕಂಬ ನೋಡಿದಳು, ಬೀದಿಯ ಕೊನೆ ನೋಡಿದಳು. ಆ ಸಾಲಿನ ಮನೆಗಳಿಗೆಲ್ಲ ಬೀದಿಯ ಕೊನೆಯಲ್ಲಿ ಒಂದೇ ಕಕ್ಕಸು. ಮನೆಯೊಳಗೆ ಎಷ್ಟೇ ಅಡಗಿದರೂ ಅಲ್ಲಿಗೆ ಹೋಗದೆ ಆಗುವುದಿಲ್ಲ. ಹುಡುಗಿ ಈವರೆಗೆ ಕತ್ತಲಾದ ಮೇಲೆ ಹೋಗಿಬರುತ್ತಿದ್ದಳು. ಕಂಬ ನಿಂತಿದ್ದದ್ದು ಸರಿಯಾಗಿ ಆ ದಾರಿಯಲ್ಲಿ.

ಹುಡುಗಿ ನೀರು ಕುಡಿಯುವುದನ್ನು ಬಿಟ್ಟಳು.

ದೊಡ್ಡಮ್ಮನಿಗೆ ಇದು ತಕ್ಷಣ ತಿಳಿಯಲಿಲ್ಲ. ಲೋಟದಲ್ಲಿ ಕೊಟ್ಟ ನೀರು ಸಂಜೆಗೂ ಹಾಗೇ ಇರುತ್ತಿತ್ತು. ಕೇಳಿದರೆ, "ಬಾಯಾರಿಕೆ ಇಲ್ಲ ದೊಡ್ಡಮ್ಮ." ಕೆಂಡದ ಮುಂದೆ ನಿಂತವಳಿಗೆ ಬಾಯಾರಿಕೆ ಇಲ್ಲವೆಂದರೆ ಯಾರು ನಂಬುತ್ತಾರೆ? ತುಟಿ ಒಡೆಯಿತು. ಆಮೇಲೆ ಕಿಬ್ಬೊಟ್ಟೆ ಹಿಡಿದುಕೊಂಡು ಮಲಗಿದಳು, ಉರಿ ಜ್ವರ. ಮೈ ಒರೆಸುವಾಗ ದೊಡ್ಡಮ್ಮನಿಗೆ ಎಲ್ಲ ಅರ್ಥವಾಯಿತು.

"ತಲೆ ಮೇಲೆ ಸೆರಗು ಹೊದ್ದು ಹೋಗೋಣ ಕಣೇ."

"ನಡಿಗೆಯಲ್ಲೇ ಗುರುತು ಹಿಡೀತಾರೆ. ನನ್ನ ನಡಿಗೆ ಅವರಿಗೆ ಗೊತ್ತು."

ಮರುದಿನ ಬೆಳಗ್ಗೆ ದೊಡ್ಡಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸಲಿಲ್ಲ. ತನ್ನ ಕಿಟಕಿಯ ಸರಳಿನಿಂದ ಎದುರು ಮಹಡಿಯ ಕೊಕ್ಕೆಗೆ ಹಗ್ಗ ಎಳೆದು, ಕಪ್ಪು ಬುಂಡೆಯ ಮುಂದೆ ಲಾಡ್ಜಿನ ಬೆಡ್‌ಶೀಟುಗಳನ್ನು ಸಾಲಾಗಿ ನೇತುಹಾಕಿದಳು. ಮಹಡಿಯ ಮೇಲಿನ ಹೆಂಗಸು, ಬೀದಿಗೆಲ್ಲ ಮಹಡಿ ಅಕ್ಕ, ಬಗ್ಗಿ ಕೇಳಿದಳು: "ಏನು ದೊಡ್ಡಮ್ಮ, ನಮ್ಮನೆಗೆ ಸೇತುವೆ ಕಟ್ತಿದೀರಾ?"

"ಹಿತ್ತಲಿಗೆ ಬಿಸಿಲು ಬೀಳ್ತಿಲ್ಲ ಕಣಮ್ಮ." ಹಿತ್ತಲಲ್ಲಿ ಬಿಸಿಲು ರಾಚುತ್ತಿತ್ತು.

ಬಟ್ಟೆಯ ಮರೆಯಲ್ಲಿ ಹುಡುಗಿ ಹೋಗಿಬಂದಳು. ನೀರು ಕುಡಿದಳು. ಜ್ವರ ಇಳಿಯಿತು. ಸಂಜೆಯಾದರೂ ದೊಡ್ಡಮ್ಮ ಹಗ್ಗ ಬಿಚ್ಚಲಿಲ್ಲ. ಒಣಗಿದ್ದನ್ನು ತೆಗೆದರೂ ಅದೇ ಜಾಗದಲ್ಲಿ ಬೇರೆಯದನ್ನು ಹಾಕಿದಳು.

ತಪ್ಪಾಗಿದ್ದು ಅಲ್ಲೇ. ಒದ್ದೆ ಬಟ್ಟೆ ಭಾರಕ್ಕೆ ನೆಟ್ಟಗೆ ತೂಗುತ್ತದೆ, ಒಣಗಿದ್ದು ಗಾಳಿಗೆ ಆಡುತ್ತದೆ. ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಕಂಬದ ದೀಪಕ್ಕೆ ಮನುಷ್ಯರು ನಡೆದರೂ ಒಂದೇ, ಬಟ್ಟೆ ಹಾರಾಡಿದರೂ ಒಂದೇ ಎಂಬುದು ಹೊಳೆದಿರಲಿಲ್ಲ. ಬೆಳಗಿನವರೆಗೂ ದೀಪ ಮಂಕಾಗದೆ ಉರಿಯಿತು. ಹೀಗೇ ನಾಕಾರು ದಿನ ಉರಿದ ಮೇಲೆ ಒಂದು ಬೆಳಗ್ಗೆ ಜೀಪು ಬಂದು ನಿಂತಿತು. ಇಳಿದವನು ಇಂಜಿನಿಯರು.

"ಯಾರದ್ದು ಈ ಬಟ್ಟೆ? ನಿಮ್ಮ ಬೀದಿ ಲೈಟು ಡಿಮ್ಮೇ ಆಗ್ತಿಲ್ಲ. ಬೆಳಗಿನ ತನಕ ಮೆರವಣಿಗೆ ಹೋಗ್ತಿದೆಯೇನೋ ಅಂದ್ಕೊಂಡ್ವಿ ಆಫೀಸಲ್ಲಿ!"

ಬೀದಿಯ ಜನ ಸೇರಿದರು. ದೊಡ್ಡಮ್ಮ ಮುಂದೆ ಬಂದಳು.

"ನಂದು ಸ್ವಾಮಿ. ನಮಗೆ ಲೈಟು ಸಾಕು. ಆ ಕಪ್ಪು ಬುಂಡೆ ಬೇಡ."

"ನಿಮ್ಮ ಒಳ್ಳೇದಕ್ಕೇ ಅಲ್ವೇನಮ್ಮ? ಸ್ಮಾರ್ಟ್ ಸಿಟಿ ಅಂದ್ರೆ ಸುಮ್ನೆನಾ? ನೀವು ಆರಾಮಾಗಿ ನಿದ್ದೆ ಮಾಡಿ. ನಾವು ನೋಡ್ಕೋತೀವಿ."

ಆ ಮಾತು ಕಿವಿಗೆ ಬಿದ್ದದ್ದೇ ದೊಡ್ಡಮ್ಮ ತಿರುಗಿ ತನ್ನ ಬಾಗಿಲ ಕಡೆ ನೋಡಿದಳು. ಪರದೆಯ ಹಿಂದೆ ಇಸ್ತ್ರಿ ಪೆಟ್ಟಿಗೆಯ ಸದ್ದು ನಿಂತಿತ್ತು.

"ಯಾರು ನೋಡೋದು?" ಎಂದಳು. "ಅಲ್ಲಿ ಕೂತು ನೋಡೋರು ಯಾರು, ಎಂಥೋರು, ಅಂತ ನಿಮಗೆ ಗೊತ್ತಾ? ಅವರ ಮನೆಯೋರನ್ನ ಯಾರಾದ್ರೂ ಕೇಳಿದೀರಾ?"

"ದೊಡ್ಡಮ್ಮ, ಕಳ್ಳರು ಹೆದರಲಿ," ಎಂದ ಕಟಿಂಗ್ ಅಂಗಡಿಯವನು. "ನಿಮಗೇನು ಹೆದರಿಕೆ? ಲಾಡ್ಜಿನ ಬೆಡ್‌ಶೀಟ್ ಕದ್ದಿದೀರಾ?"

ಜನ ನಕ್ಕರು. ಹೇಳಿದರೆ ಹುಡುಗಿ ಅಡಗಿರುವುದು ಜಗಜ್ಜಾಹೀರು, ಹೇಳದಿದ್ದರೆ ದೊಡ್ಡಮ್ಮ ತಿಕ್ಕಲು. ಆಗ ಮಹಡಿ ಅಕ್ಕ ಮೇಲಿನಿಂದಲೇ ಕೂಗಿದಳು:

"ಸಾರ್, ಆ ಬುಂಡೆ ಎಲ್ಲಿಗೆ ನೋಡ್ತಿದೆ ಅಂತ ಒಂದ್ಸಲ ತಲೆ ಎತ್ತಿ ನೋಡಿ. ನಮ್ಮ ಕಕ್ಕಸಿನ ಬಾಗಿಲಿಗೆ! ನಾವು ಎಷ್ಟು ಸಲ ಹೋದ್ವಿ, ಎಷ್ಟೊತ್ತು ಕೂತ್ವಿ, ಇದನ್ನೂ ನೀವೇ ನೋಡ್ಕೋತೀರಾ?"

"ಅಯ್ಯೋ, ಅದನ್ನೆಲ್ಲ ಯಾರೂ ನೋಡಲ್ಲಮ್ಮ."

"ಈಗ ತಾನೆ ನೋಡ್ಕೋತೀವಿ ಅಂದ್ರಲ್ಲ!"

ಹೆಂಗಸರ ನಗು ಬೀದಿಯ ಆ ತುದಿಯಿಂದ ಈ ತುದಿಗೆ ಹರಿಯಿತು, ಹಿಂದೆಯೇ ಸಿಟ್ಟೂ ಬಂತು. ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು. ತನ್ನ ತಾಯಿಯೂ ಅದೇ ದಾರಿಯಲ್ಲಿ ಹೋಗಿಬರುವಳೆಂಬುದು ನೆನಪಾಗಿ ಕಟಿಂಗ್ ಅಂಗಡಿಯವನು ಮೆತ್ತಗಾದ. ಇಂಜಿನಿಯರು ಕರವಸ್ತ್ರದಿಂದ ಕತ್ತು ಒರೆಸಿಕೊಂಡು, "ಆಯ್ತು, ಆಯ್ತು. ನಾಳೆ ಜನ ಕಳಿಸಿ ತಿರುಗಿಸ್ತೀನಿ. ಬಟ್ಟೆ ತೆಗೀರಿ," ಎಂದು ಜೀಪು ಹತ್ತಿದ.

ದೊಡ್ಡಮ್ಮ ಹಗ್ಗ ಬಿಚ್ಚಿದಳು. ಒಳಗೆ ಬಂದು ದೊಡ್ಡ ಲೋಟದ ತುಂಬ ನೀರು ಕೊಟ್ಟು, "ಕುಡಿ," ಎಂದಳು. ಹುಡುಗಿ ಗಟಗಟ ಕುಡಿದಳು.

ಯಾವ ಕಡೆಗೆ ತಿರುಗಿಸುತ್ತಾರೆ ಎಂದು ಯಾರೂ ಕೇಳಿರಲಿಲ್ಲ.

ಮಾರನೆಯ ಮಧ್ಯಾಹ್ನ ಒಬ್ಬ ಏಣಿ ತಂದು ಕಂಬಕ್ಕೆ ಆನಿಸಿ ಹತ್ತಿದ. ಫೋನನ್ನು ಜೇಬಿನಲ್ಲಿ ನಿಲ್ಲಿಸಿ, ದನಿ ಎಲ್ಲರಿಗೂ ಕೇಳುವಂತೆ ಇಟ್ಟುಕೊಂಡಿದ್ದ, ಕೈ ಎರಡೂ ಬೇಕಲ್ಲ. ದೊಡ್ಡಮ್ಮ ಬಾಗಿಲ ಹೊರಗೆ ಬಟ್ಟೆಗೆ ನೀರು ಚಿಮುಕಿಸುತ್ತಿದ್ದಳು. ಪರದೆಯ ಹಿಂದೆ ಹುಡುಗಿ ಇಸ್ತ್ರಿ ಮಾಡುತ್ತಿದ್ದಳು.

"ಈಗ ಏನು ಕಾಣ್ತಿದೆ ಸಾರ್?"

"ಗೋಡೆ. ಇನ್ನೂ ಎಡಕ್ಕೆ," ಎಂದಿತು ಫೋನಿನ ದನಿ. ಸಮಾಧಾನದ ದನಿ, ಎಲ್ಲೋ ತಣ್ಣನೆಯ ಕೋಣೆಯಲ್ಲಿ ಒರಗಿ ಕೂತವನದು. "ಇನ್ನೂ. ಹಾಂ, ಅಲ್ಲೊಂದು ಬಾಗಿಲಿದೆ ನೋಡು."

ಒಳಗೆ ಏನೋ ಢಬ್ ಎಂದಿತು. ದೊಡ್ಡಮ್ಮ ಪರದೆ ಸರಿಸಿ ಇಣುಕಿದಳು. ಹುಡುಗಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು, ಬಲಗಿವಿ ಬೀದಿಯ ಕಡೆ ಮಾಡಿ ನಿಂತಿದ್ದಳು. ತುಟಿ ಮಾತ್ರ ಅಲುಗಿತು, 'ಅವರೇ.'

"ಆ ಬಿಳಿ ಬಟ್ಟೆ ಏನದು? ಬಾಗಿಲಿಗೆ ಹಾಕಿರೋದು. ಬೆಳಕು ಹೊಡೀತಿದೆ. ತೆಗೆಸು."

ಏಣಿಯ ಮೇಲಿನವನು ಬಗ್ಗಿದ. "ಅಮ್ಮ, ಆ ಪರದೆ ಸ್ವಲ್ಪ ತೆಗೀರಿ."

"ಒದ್ದೆ ಇದೆ," ಎಂದಳು ದೊಡ್ಡಮ್ಮ.

"ಒಂದು ನಿಮಿಷ ಅಷ್ಟೇ. ಇಲ್ಲಾ, ನಾನೇ ಇಳಿದು ತೆಗೀಲಾ?"

ದೊಡ್ಡಮ್ಮ ಎರಡು ಕೈಯಲ್ಲೂ ಪರದೆಯ ಅಂಚು ಹಿಡಿದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಕಾಲಿಗೆ ತಾಗಿ ಇಟ್ಟಿಗೆ ಉರುಳಿತು. ಪರದೆಯ ಕೆಳಗೆ ಹುಡುಗಿಯ ಎರಡು ಪಾದ ಕಂಡವು. ಬರಿಗಾಲು. ನೆಲಕ್ಕೆ ಊರಲಾರದೆ ಗಡಗಡ ನಡುಗುತ್ತಿದ್ದ ಪಾದ. ಎದುರಿನ ಅಂಗಡಿಯಲ್ಲಿ ಒಬ್ಬನ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದ ಕಟಿಂಗ್ ಅಂಗಡಿಯವನು ಆ ಪಾದಗಳನ್ನು ನೋಡಿದ. ದೊಡ್ಡಮ್ಮನ ಮುಖ ನೋಡಿದ. ಏಣಿಯವನ ಜೇಬಿನಿಂದ ಬರುತ್ತಿದ್ದ ದನಿ ಕೇಳಿದ. ಯಾವುದನ್ನು ಯಾವುದಕ್ಕೆ ಸೇರಿಸಿಕೊಂಡನೋ, ಬ್ರಷ್ಷು ಕೈಯಲ್ಲೇ ಹಿಡಿದು ಬೀದಿಗೆ ಬಂದುಬಿಟ್ಟ.

"ಏನಣ್ಣ, ಇದೇನು ನ್ಯಾಯ? ಸ್ಕೂಟರ್ ಕಳಕೊಂಡೋನು ನಾನು, ಕ್ಯಾಮರಾ ಇಸ್ತ್ರಿ ಮೇಜಿಗಾ? ಈ ಕಡೆ ತಿರುಗಿಸು. ನನ್ನ ಅಂಗಡಿಗೆ!"

"ಅಲ್ಲಿ ಬಾಗಿಲೊಂದೇ ಕಾಣತ್ತೆ. ಬೀದಿ ಕಾಣಲ್ಲ."

"ಬಾಗಿಲೇ ಕಾಣಲಿ! ನಾಳೆ ಕತ್ತರಿ ಬಾಚಣಿಗೆ ಹೋದ್ರೆ ನೀನು ಕೊಡ್ತೀಯಾ? ತಿರುಗಿಸು ಅಂದ್ರೆ ತಿರುಗಿಸಬೇಕು. ಇಲ್ಲಾಂದ್ರೆ ಏಣಿ ಇಲ್ಲೇ, ನೀನೂ ಇಲ್ಲೇ." ಅವನು ಏಣಿಯ ಕಾಲನ್ನು ಗಟ್ಟಿಯಾಗಿ ಹಿಡಿದ.

ಫೋನಿನ ದನಿ ಬೇಸರಪಟ್ಟಿತು. "ಯಾರೋ ಅದು ತಲೆ ತಿನ್ನೋದು? ಅವನ ಕಡೆಗೇ ತಿರುಗಿಸಿ ಬಾರೋ ಅತ್ಲಾಗೆ. ಉಳಿದಿದ್ದು ನಾನು ನೋಡ್ಕೋತೀನಿ."

ಬುಂಡೆ ಕಿರ್ ಎಂದು ತಿರುಗಿತು. ಏಣಿ ಹೋಯಿತು. ದೊಡ್ಡಮ್ಮನ ಬೆರಳುಗಳು ಮಾತ್ರ ಪರದೆಯನ್ನು ಬಿಡಲು ಒಪ್ಪಲಿಲ್ಲ. ಒಳಗಿನಿಂದ ಬಟ್ಟೆ ಸುಟ್ಟ ವಾಸನೆ ಬಂದಾಗಲೇ ಅವಳಿಗೆ ಎಚ್ಚರ. ಲಾಡ್ಜಿನ ಬೆಡ್‌ಶೀಟಿನ ನಡುವೆ ಪೆಟ್ಟಿಗೆಯ ಆಕಾರದ ಕಂದು ಕಲೆ ಬಿದ್ದಿತ್ತು. ಹುಡುಗಿ ಮೇಜಿನ ಕೆಳಗೆ ಮುದುರಿ ಕೂತಿದ್ದಳು.

ಸಂಜೆ ಕಟಿಂಗ್ ಅಂಗಡಿಯವನು ಬಾಗಿಲಿಗೆ ಬಂದ. ಒಳಗೆ ಇಣುಕಲಿಲ್ಲ. ಹರಟೆಗೆ ಬರುವವರು ಆಗಲೇ ಬುಂಡೆಯ ಕಣ್ಣಿಗೆ ಬೀಳುವ ಅವನ ಅಂಗಡಿಯಲ್ಲಿ ಕೂರಲು ಹಿಂಜರಿಯುತ್ತಿದ್ದರು, ಅದನ್ನು ಅವನು ಹೇಳಲಿಲ್ಲ.

"ದೊಡ್ಡಮ್ಮ, ನಾನೇನೂ ಕೇಳಲ್ಲ. ನೀವೇನೂ ಹೇಳಬೇಡಿ. ಹೆದರಬೇಡಿ, ನಾನು ನೋಡ್..."

ಒಳಗೆ ಪಾತ್ರೆಯೊಂದು ಕೈಜಾರಿ ಬಿತ್ತು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು. ಅವನು ಅರ್ಧಕ್ಕೇ ನಿಲ್ಲಿಸಿದ. "ನಾನು ಇದೀನಿ," ಎಂದ.

ಅಂದಿನಿಂದ ಮುಸ್ಸಂಜೆಗೆ ಅವನು ಗಿರಾಕಿಗೆ ಹೊದಿಸುವ ಬಟ್ಟೆ ಕೊಡವಲು ಕಂಬದ ಕೆಳಗೇ ಬರುತ್ತಾನೆ. ದೀಪ ಅವನಿಗಾಗಿ ಏರುತ್ತದೆ, ಇನ್ನೊಬ್ಬರ ಹೆಜ್ಜೆಗೆ ಮತ್ತೆ ಏರಬೇಕಾಗಿಲ್ಲ. ಕೊಡವುತ್ತಾನೆ, ಮಡಿಸುತ್ತಾನೆ, ಬಿಚ್ಚಿ ಮತ್ತೆ ಕೊಡವುತ್ತಾನೆ. ಆ ಹೊತ್ತಿಗೆ ಇಬ್ಬರು ಹೆಂಗಸರು ಬೀದಿಯ ಕೊನೆಗೆ ಹೋಗಿಬರುತ್ತಾರೆ. ಹುಡುಗಿ ಅತ್ತಿತ್ತ ನೋಡುವುದಿಲ್ಲ. ದೊಡ್ಡಮ್ಮ ಬುಂಡೆಯನ್ನು ಬಿಟ್ಟು ಬೇರೇನೂ ನೋಡುವುದಿಲ್ಲ. ಅದು ಕಿರ್ ಎಂದೀತೇ ಎಂದು ಅವಳ ಕಿವಿ ಅಲ್ಲೇ ಇರುತ್ತದೆ.

ಮನೆಗೆ ಬಂದು ಪರದೆ ಎಳೆದ ಮೇಲೆ ದೊಡ್ಡಮ್ಮ ಲೋಟದ ತುಂಬ ನೀರು ಕೊಡುತ್ತಾಳೆ. ಹುಡುಗಿ ಅರ್ಧ ಕುಡಿಯುತ್ತಾಳೆ. ಉಳಿದರ್ಧವನ್ನು ದೊಡ್ಡಮ್ಮ ಚೆಲ್ಲುವುದಿಲ್ಲ, ಮುಚ್ಚಿಡುತ್ತಾಳೆ.